ಮೊದಲು ಬೆಸೆಯಬೇಕಾ, ಮೊದಲು ಹೊಲಿಯಬೇಕಾ?

ಪ್ರಶ್ನೆ: ಸೋಮನಾಥಪುರದ ಕೇಶವ ದೇವಸ್ಥಾನದ ಸುತ್ತಲಿನ ಕೈಸಾಲೆಯಲ್ಲಿ ನಿಂತು ಪನೋರಮಾಗೆಂದು 8 ದಿಕ್ಕಿಗೆ ಫೋಟೊ ತೆಗೆದೆ. ಕ್ಯಾಮೆರಾ ಕೈಯಲ್ಲೇ ಇತ್ತು. ಒಳಗೆ ಕತ್ತಲೆ, ಅಂಗಳದಲ್ಲಿ ಉರಿಬಿಸಿಲು. ಹಾಗಾಗಿ ಪ್ರತಿ ದಿಕ್ಕಿಗೂ ಬ್ರಾಕೆಟಿಂಗ್‌ನಲ್ಲಿ, ಅಂದರೆ ಎಕ್ಸ್‌ಪೋಶರ್ (ಒಳಗೆ ಬಿಡುವ ಬೆಳಕು) ಕಡಿಮೆ, ನಡು, ಜಾಸ್ತಿ ಮಾಡಿ 3 ಫೋಟೊ, ಒಟ್ಟು 24. ಎಲ್ಲವನ್ನೂ ಪನೋರಮಾ ಮಾಡುವ ಸಾಫ್ಟ್‌ವೇರ್ ಹ್ಯೂಗಿನ್‌ಗೆ ಹಾಕಿ ‘ಎಕ್ಸ್‌ಪೋಶರ್ ಫ್ಯೂಸ್ಡ್ ಫ್ರಮ್ ಎನಿ ಅರೇಂಜ್‌ಮೆಂಟ್’ ಆರಿಸಿದೆ. ಹತ್ತಿರದ ಕಂಬ ಎರಡಾಗಿ ಬಂದಿದೆ. ನೋಡಲು ಬಂದಿದ್ದ ಒಬ್ಬರಿಗೆ ಅರ್ಧ ತಲೆಯೇ ಇಲ್ಲ. ಇಡೀ ಚಿತ್ರ ಬೂದಿ ಎರಚಿದ ಹಾಗಿದೆ. ಎಲ್ಲಿ ತಪ್ಪಿದೆ? — ಓದುಗರು, ಮಂಡ್ಯ

ಉತ್ತರ: ನೀವು ಹೇಳಿದ ಮೂರೂ ತೊಂದರೆಗಳಿಗೆ ಬೇರೆ ಬೇರೆ ಕಾರಣ ಇದೆ. ಒಂದೇ ಬಟನ್ನಿನಲ್ಲಿ ಮೂರೂ ಹೋಗುವುದಿಲ್ಲ. ಕಂಬದಿಂದ ಶುರು ಮಾಡೋಣ.

ಮೊದಲು ಒಂದು ಪರೀಕ್ಷೆ ಮಾಡಿ. 24ರಲ್ಲಿ ನಡುವಿನ ಎಕ್ಸ್‌ಪೋಶರ್‌ನ 8 ಫೋಟೊಗಳನ್ನು ಮಾತ್ರ ತೆಗೆದುಕೊಂಡು ಸಾದಾ ಪನೋರಮಾ ಹೊಲಿಯಿರಿ, ಅಂದರೆ ಪಕ್ಕಪಕ್ಕ ಜೋಡಿಸಿ. ಅದರಲ್ಲೂ ಕಂಬ ಮುರಿದಿದ್ದರೆ ತಪ್ಪು ಆಗಿರುವುದು ನೀವು ನಿಂತು ತಿರುಗಿದ ರೀತಿಯಲ್ಲಿ. ಕಂಬ ಸರಿಯಾಗಿ ಬಂದರೆ, ಒಂದೇ ದಿಕ್ಕಿನ 3 ಫೋಟೊಗಳು ಒಂದರ ಮೇಲೊಂದು ಕೂತಿಲ್ಲ ಎಂದು ಅರ್ಥ. ಹತ್ತು ನಿಮಿಷದ ಕೆಲಸ ಇದು. ಇದನ್ನು ಮಾಡದೆ ಸೆಟ್ಟಿಂಗ್ ಬದಲಾಯಿಸುತ್ತಾ ಕೂತರೆ ಇಡೀ ರಾತ್ರಿ ಹೋಗುತ್ತದೆ.

ನಿಂತು ತಿರುಗಿದ ರೀತಿಯೇ ತಪ್ಪಾಗಿದ್ದರೆ ಏನು ಮಾಡುವುದು? ಕೈಯಲ್ಲಿ ಕ್ಯಾಮೆರಾ ಹಿಡಿದು ತಿರುಗಿದಾಗ ನಾವು ನಮ್ಮ ಕಾಲಿನ ಸುತ್ತ ತಿರುಗುತ್ತೇವೆ, ಲೆನ್ಸು ಒಂದಡಿ ದೂರದಲ್ಲಿ ಸುತ್ತು ಹಾಕುತ್ತದೆ. ದೂರದ ಗೋಪುರಕ್ಕೆ ಇದರಿಂದ ಏನೂ ಆಗುವುದಿಲ್ಲ. ಮೂರಡಿ ಹತ್ತಿರದ ಕಂಬ ಮಾತ್ರ ಹಿಂದಿನ ಗೋಡೆಯ ಮುಂದೆ ಜಾಗ ಬದಲಿಸಿಬಿಡುತ್ತದೆ. ಇದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿ ಮಾಡಲಾರದು. ಪುರಾತತ್ವ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಇಡುವ ಹಾಗಿಲ್ಲ. ಅದಕ್ಕೆ ಹಳೆಯ ಉಪಾಯ ಒಂದಿದೆ, ಫಿಲೊಪಾಡ್ ಅಂತಾರೆ. ಲೆನ್ಸಿನ ಕೊಳವೆಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ. ಅದಕ್ಕೆ ದಾರ ಕಟ್ಟಿ, ದಾರದ ತುದಿಗೆ ಒಂದು ಕಬ್ಬಿಣದ ನಟ್ಟು ಕಟ್ಟಿ. ನಟ್ಟು ನೆಲಕ್ಕೆ ಒಂದು ಇಂಚು ಮೇಲೆ ತೂಗಬೇಕು. ನೆಲದ ಮೇಲೆ ಒಂದು ನಾಣ್ಯ ಇಡಿ. ಪ್ರತಿ ಸಲ ತಿರುಗಿದಾಗಲೂ ನಟ್ಟು ನಾಣ್ಯದ ಮೇಲೇ ಬರುವಂತೆ ನೀವೇ ನಾಣ್ಯದ ಸುತ್ತ ಹೆಜ್ಜೆ ಹಾಕಿ. ನನ್ನ ಕ್ಯಾಮೆರಾ ಬ್ಯಾಗಿನಲ್ಲಿ ಈ ದಾರ, ನಟ್ಟು ಯಾವಾಗಲೂ ಇರುತ್ತವೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಯೋಗಕ್ಕೆ ಬರುವ ಇನ್ನೊಂದು ವಸ್ತು ನನಗೆ ಗೊತ್ತಿಲ್ಲ.

ಈಗ ಅರ್ಧ ತಲೆಯ ವಿಷಯ. ನೀವು ಆರಿಸಿದ ಆಯ್ಕೆಯಲ್ಲಿ ಹ್ಯೂಗಿನ್ ಮೊದಲು ಹೊಲಿಯುತ್ತದೆ, ಆಮೇಲೆ ಬೇರೆ ಬೇರೆ ಎಕ್ಸ್‌ಪೋಶರ್‌ಗಳನ್ನು ಒಂದಾಗಿ ಬೆಸೆಯುತ್ತದೆ. ಅಂದರೆ ಕಪ್ಪು ಫೋಟೊಗಳದ್ದೊಂದು, ನಡುವಿನದ್ದೊಂದು, ಬೆಳ್ಳಗಿರುವ ಫೋಟೊಗಳದ್ದೊಂದು ಹೀಗೆ 3 ಪನೋರಮಾ ಮಾಡಿಕೊಳ್ಳುತ್ತದೆ. ಹೊಲಿಯುವ ಕೆಲಸ ಹ್ಯೂಗಿನ್ ಬಳಸುವ ಎನ್‌ಬ್ಲೆಂಡ್ ಎಂಬ ಪ್ರೋಗ್ರಾಂನದು. ಆಮೇಲೆ ಆ ಮೂರನ್ನೂ ಎನ್‌ಫ್ಯೂಸ್ ಎಂಬ ಇನ್ನೊಂದು ಪ್ರೋಗ್ರಾಂ ಒಂದಾಗಿ ಬೆಸೆಯುತ್ತದೆ. ಸಮಸ್ಯೆ ಏನೆಂದರೆ ಎನ್‌ಬ್ಲೆಂಡ್ ಪ್ರತಿ ಪನೋರಮಾಗೂ ಹೊಲಿಗೆ ಗೆರೆಯನ್ನು ಹೊಸದಾಗಿ ಹುಡುಕುತ್ತದೆ. ನಡುವಿನದರಲ್ಲಿ ಗೆರೆ ಆ ಮನುಷ್ಯನ ಎಡಕ್ಕೆ ಹೋಗಿರಬಹುದು, ಕಪ್ಪಿನದರಲ್ಲಿ ತಲೆಯ ಮೇಲೇ ಹಾದಿರಬಹುದು. ಮೂರನ್ನೂ ಬೆಸೆದಾಗ ಒಂದರಲ್ಲಿ ಇರುವ ತಲೆ ಇನ್ನೊಂದರಲ್ಲಿ ಇಲ್ಲ. ಅದೇ ನಿಮಗೆ ಕಂಡಿದ್ದು.

ಜನ ಓಡಾಡುವ ಜಾಗಕ್ಕೆ ನಾನು ಹೇಳುವುದು ಒಂದೇ: ಮೊದಲು ಬೆಸೆಯಿರಿ, ಆಮೇಲೆ ಹೊಲಿಯಿರಿ. ಒಂದು ದಿಕ್ಕಿನ 3 ಫೋಟೊಗಳನ್ನು ಕ್ಯಾಮೆರಾ ಪಟಪಟನೆ ತೆಗೆದಿರುತ್ತದೆ. ಅವುಗಳ ನಡುವೆ ಕೈ ಅಲುಗಿದ್ದು ಸ್ವಲ್ಪವೇ. ಹ್ಯೂಗಿನ್ ಜೊತೆಗೇ ಬರುವ ‘ಅಲೈನ್ ಇಮೇಜ್ ಸ್ಟ್ಯಾಕ್’ ಎಂಬ ಪ್ರೋಗ್ರಾಂ ಆ ಮೂರನ್ನೂ ಸರಿಯಾಗಿ ಒಂದರ ಮೇಲೊಂದು ಕೂರಿಸುತ್ತದೆ. ಅಂಚು ಕತ್ತರಿಸುವ ಆಯ್ಕೆ ಮಾತ್ರ ಹಾಕಬೇಡಿ. ಹಾಕಿದರೆ 8 ಫೋಟೊಗಳೂ ಬೇರೆ ಬೇರೆ ಅಳತೆಗೆ ಬರುತ್ತವೆ, ಲೆನ್ಸಿನ ಲೆಕ್ಕ ಕೆಡುತ್ತದೆ. ಹೀಗೆ ಕೂರಿಸಿದ್ದನ್ನು ಎನ್‌ಫ್ಯೂಸ್‌ಗೆ ಕೊಡಿ. ಕೊನೆಗೆ ಕೈಯಲ್ಲಿ ಉಳಿಯುವುದು 8 ಒಳ್ಳೆಯ ಫೋಟೊ. ಅವನ್ನು ಸಾದಾ ಪನೋರಮಾದ ಹಾಗೆ ಹೊಲಿಯಿರಿ. ಹ್ಯೂಗಿನ್ ಫೋಕಲ್ ಲೆಂಗ್ತ್ ಕೇಳಿದರೆ ಮೂಲ ಫೋಟೊ ನೋಡಿ ಟೈಪ್ ಮಾಡಿ.

ಆಗಲೂ ಯಾರಾದರೂ ಅರ್ಧಂಬರ್ಧ ಉಳಿದರೆ ಹ್ಯೂಗಿನ್‌ನಲ್ಲಿ ಮಾಸ್ಕ್ ಇದೆಯಲ್ಲ. ಆ ಮನುಷ್ಯನ ಸುತ್ತ ಗೆರೆ ಎಳೆದು ‘ಈ ಭಾಗ ಬೇಡ’ ಎಂದು ಹೇಳಿದರೆ, ಪಕ್ಕದ ಫೋಟೊದಲ್ಲಿ ಅದೇ ಜಾಗ ಖಾಲಿ ಇದ್ದಲ್ಲಿ ಅಲ್ಲಿಂದ ತುಂಬಿಕೊಳ್ಳುತ್ತದೆ. ಅದಕ್ಕೇ ಪಕ್ಕಪಕ್ಕದ ಫೋಟೊಗಳು ಮೂರರಲ್ಲಿ ಒಂದು ಪಾಲಾದರೂ ಒಂದರ ಮೇಲೊಂದು ಬರುವ ಹಾಗೆ ತೆಗೆಯಿರಿ ಎಂದು ಹೇಳುವುದು.

ಟ್ರೈಪಾಡ್ ಇದ್ದರೆ ಕೆಲಸ ಇನ್ನೂ ಸುಲಭ. ಹ್ಯೂಗಿನ್‌ನ ಇಂಟರ್‌ಫೇಸ್ ಮೆನುವಿನಲ್ಲಿ ‘ಸಿಂಪಲ್’ ಬಿಟ್ಟು ‘ಅಡ್ವಾನ್ಸ್‌ಡ್’ಗೆ ಹೋಗಿ. ಒಂದೇ ದಿಕ್ಕಿನ 3-3 ಫೋಟೊಗಳನ್ನು ಒಂದೊಂದು ಸ್ಟ್ಯಾಕ್ (ಕಟ್ಟು) ಮಾಡಿ, ಅವುಗಳ ಪೊಸಿಷನ್ ಲಿಂಕ್ ಮಾಡಿ, ‘ಫ್ಯೂಸ್ಡ್ ಫ್ರಮ್ ಸ್ಟ್ಯಾಕ್ಸ್’ ಆರಿಸಿ. ಕೈಯಲ್ಲಿ ಹಿಡಿದು ತೆಗೆದದ್ದಕ್ಕೆ ಮಾತ್ರ ಈ ಲಿಂಕ್ ಬೇಡವೇ ಬೇಡ. ಅಲುಗಿದ ಫೋಟೊಗಳನ್ನು ಅಲುಗಿಲ್ಲ ಎಂದು ಒಪ್ಪಿಸಿದ ಹಾಗಾಗುತ್ತದೆ.

ಇನ್ನು ಬೂದಿ ಬಣ್ಣ. ಎನ್‌ಫ್ಯೂಸ್ ಕೆಲಸ ಮಾಡುವುದು 2007ರಲ್ಲಿ ಟಾಮ್ ಮರ್ಟೆನ್ಸ್ ಮತ್ತು ಅವರ ಜೊತೆಗಾರರು ಕೊಟ್ಟ ವಿಧಾನದ ಮೇಲೆ. ಪ್ರತಿ ಚುಕ್ಕೆಗೂ ಮೂರೂ ಫೋಟೊ ನೋಡಿ, ಯಾವುದರಲ್ಲಿ ಅದು ತೀರಾ ಕಪ್ಪೂ ಅಲ್ಲದೆ ತೀರಾ ಬಿಳಿಯೂ ಅಲ್ಲದೆ ನಡುವಿನ ಬೆಳಕಿನಲ್ಲಿದೆಯೋ ಅದಕ್ಕೆ ಜಾಸ್ತಿ ತೂಕ ಕೊಡುತ್ತದೆ. ಎಲ್ಲವನ್ನೂ ನಡುವಿಗೆ ಎಳೆದಾಗ ನೆರಳು ನೆರಳಾಗಿ ಉಳಿಯುವುದಿಲ್ಲ, ಅಲ್ವಾ? ‘ಎಕ್ಸ್‌ಪೋಶರ್ ಆಪ್ಟಿಮಮ್’ ಎಂಬ ಸಂಖ್ಯೆ ಸಾಮಾನ್ಯವಾಗಿ 0.5 ಇರುತ್ತದೆ. ಅದನ್ನು 0.4ಕ್ಕೆ ಇಳಿಸಿ ನೋಡಿ. ಆಮೇಲೆ ಫೋಟೊ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಕರ್ವ್ ತೆಗೆದು ಕೆಳಗಿನ ಭಾಗ ಸ್ವಲ್ಪ ಇಳಿಸಿ, ಮೇಲಿನ ಭಾಗ ಸ್ವಲ್ಪ ಏರಿಸಿ. 13ನೇ ಶತಮಾನದಲ್ಲಿ ಕಟ್ಟಿದ ದೇವಸ್ಥಾನ ಅದು. ಆ ಕೈಸಾಲೆಯಲ್ಲಿ ತಿರುಗಿಸಿ ಕಡೆದ ಕಂಬಗಳ ಸುತ್ತು ಕಣ್ಣಿಗೆ ಕಾಣುವುದೇ ಅದರ ಒಂದು ಪಕ್ಕ ಕಪ್ಪಾಗಿ ಇರುವುದರಿಂದ. ಆ ಕಪ್ಪನ್ನು ದಯವಿಟ್ಟು ಪೂರ್ತಿ ಅಳಿಸಬೇಡಿ.

ಮುಂದಿನ ಸಲ ಹೋದಾಗ ಕ್ಯಾಮೆರಾ ಮ್ಯಾನುಯಲ್‌ನಲ್ಲಿ ಇರಲಿ. ಐಎಸ್‌ಒ, ಅಪರ್ಚರ್, ವೈಟ್ ಬ್ಯಾಲೆನ್ಸ್, ಫೋಕಸ್ ನಾಲ್ಕೂ ಬದಲಾಗಬಾರದು. ಬದಲಾಗಬೇಕಾದದ್ದು ಶಟರ್ ಮಾತ್ರ: 1/500, 1/125, 1/30. ಅದಕ್ಕಿಂತ ನಿಧಾನವಾದರೆ ಕೈಯಲ್ಲಿ ಹಿಡಿದಾಗ ಅಲುಗುತ್ತದೆ, ಬೇಕಾದರೆ ಮೊದಲ ಫೋಟೊಗೆ ಮುಂಚೆಯೇ ಐಎಸ್‌ಒ ಏರಿಸಿಕೊಳ್ಳಿ. ರಾ ಫೈಲನ್ನು (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಫೋಟೊ) ಡಾರ್ಕ್‌ಟೇಬಲ್ ಎಂಬ ಸಾಫ್ಟ್‌ವೇರ್‌ನಲ್ಲಿ ತೆರೆದರೆ 24ಕ್ಕೂ ಒಂದೇ ಸೆಟ್ಟಿಂಗ್ ಹಾಕಿ.

ಪ್ರಶ್ನೆ: ಹಾಗಾದರೆ ಮೊದಲು ಹೊಲಿದು ಆಮೇಲೆ ಬೆಸೆಯುವ ಆಯ್ಕೆ ಯಾಕಿದೆ? ಕೆಆರ್‌ಎಸ್ ಹಿನ್ನೀರಿನಲ್ಲಿ ನನಗೆ ಅದೇ ಚೆನ್ನಾಗಿ ಬಂತು. — ಓದುಗರು, ಶ್ರೀರಂಗಪಟ್ಟಣ

ಉತ್ತರ: ಚೆನ್ನಾಗಿ ಬರಲೇಬೇಕು. ಅಲ್ಲಿ ಜನ ಇಲ್ಲ, ಹತ್ತಿರದಲ್ಲಿ ಕಂಬ ಇಲ್ಲ, ಇಡೀ ಚಿತ್ರ ಆಕಾಶ ಮತ್ತು ನೀರು. ಒಂದೊಂದು ದಿಕ್ಕನ್ನು ಬೇರೆ ಬೇರೆಯಾಗಿ ಬೆಸೆದರೆ ಸೂರ್ಯನ ಕಡೆಯ ಆಕಾಶ ಒಂದು ಬಣ್ಣ, ಪಕ್ಕದ್ದು ಇನ್ನೊಂದು ಬಣ್ಣ ಆಗುವ ಅಪಾಯ ಇರುತ್ತದೆ. ಮೊದಲು ಹೊಲಿದರೆ ಎನ್‌ಫ್ಯೂಸ್‌ಗೆ ಪೂರ್ತಿ ಆಕಾಶ ಒಟ್ಟಿಗೇ ಸಿಗುತ್ತದೆ. ದೋಣಿಯೋ ಹಕ್ಕಿಯೋ ಅಡ್ಡ ಬಂದರೆ ಇನ್ನೊಂದು ದಾರಿ ಇದೆ. ಎನ್‌ಬ್ಲೆಂಡ್‌ನಲ್ಲಿ ಹೊಲಿಗೆಯ ಮಾಸ್ಕ್‌ಗಳನ್ನು ಉಳಿಸಿಕೊಳ್ಳಬಹುದು. ನಡುವಿನ ಪನೋರಮಾದ ಮಾಸ್ಕ್ ಉಳಿಸಿ, ಉಳಿದೆರಡಕ್ಕೂ ಅದನ್ನೇ ಹಾಕಿ. ಆಗ ಮೂರರಲ್ಲೂ ಗೆರೆ ಒಂದೇ ಜಾಗದಲ್ಲಿ ಹೋಗುತ್ತದೆ.

ಪ್ರಶ್ನೆ: ಭಾನುವಾರ ಸಂಜೆ ಅರಮನೆ ದೀಪ ಹತ್ತಿದಾಗ 3 ಎಕ್ಸ್‌ಪೋಶರ್ ತೆಗೆದು ಬೆಸೆದರೂ ಆಕಾಶ ಕಪ್ಪು ಹಲಗೆಯ ಹಾಗೆ ಬರುತ್ತದೆ. — ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಯಾವ ತಿಂಗಳಲ್ಲಿ ತೆಗೆದಿರಿ ಎಂದು ಬರೆದಿಲ್ಲ. ಬಹುಶಃ ಚಳಿಗಾಲ ಇರಬೇಕು. ದೀಪ ಹತ್ತುವುದು ಸಂಜೆ 7ಕ್ಕೆ. ಡಿಸೆಂಬರ್ ಶುರುವಿನಲ್ಲಿ ಮೈಸೂರಿನಲ್ಲಿ 6ಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, 7ಕ್ಕೆ ಆಕಾಶದಲ್ಲಿ ಏನೂ ಉಳಿದಿರುವುದಿಲ್ಲ. ಇಲ್ಲದ ಬೆಳಕನ್ನು ಎನ್‌ಫ್ಯೂಸ್ ತರಲಾರದು. ಜೂನ್ ಕೊನೆ, ಜುಲೈ ಶುರುವಿನಲ್ಲಿ ಮುಳುಗುವುದೇ 6.50ರ ಸುಮಾರಿಗೆ. ದೀಪ ಹತ್ತಿದ ಮೊದಲ ಹದಿನೈದು ನಿಮಿಷ ಆಕಾಶ ಇನ್ನೂ ನೀಲಿ ಇರುತ್ತದೆ. ಮಳೆಗಾಲ ನಿಜ, ಆದರೆ ಮೋಡ ಬಿಟ್ಟ ಒಂದು ಭಾನುವಾರ ಸಿಕ್ಕೇ ಸಿಗುತ್ತದೆ. ಅತಿ ಕಪ್ಪು ಫೋಟೊದಲ್ಲಿ ಒಂದೊಂದು ಬಲ್ಬೂ ಬಿಳಿ ಚುಕ್ಕೆಯಾಗದೆ ಹಳದಿಯಾಗಿಯೇ ಉಳಿದಿದೆಯಾ ಎಂದು ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ಅಲ್ಲೇ ನೋಡಿಕೊಳ್ಳಿ. ಮುಕ್ಕಾಲು ಗಂಟೆಯಲ್ಲಿ ದೀಪ ಆರಿಬಿಡುತ್ತದೆ.