ಮನೆಯಲ್ಲಿ ಕೊಂಕಣಿ, ಊರಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನನ್ನ ಗುರುತು ಯಾವುದು?

ಮೂರೂ ನಿಮ್ಮದೇ. ಒಂದನ್ನೇ ಆರಿಸಿಕೊಳ್ಳಿ ಅಂತ ಒತ್ತಾಯ ಮಾಡೋದು ಜನಗಣತಿಯ ಫಾರಂ ಮಾತ್ರ. ಅದರಲ್ಲಿ ಮಾತೃಭಾಷೆಗೆ ಒಂದೇ ಜಾಗ.

ಮಂಗಳೂರಿನ ಮೀನು ಮಾರ್ಕೆಟ್‌ನಲ್ಲಿ ಸುಮ್ನೆ ಸ್ವಲ್ಪ ಹೊತ್ತು ನಿಂತು ನೋಡಿ. ಕೊಂಕಣಿಯವರು, ಬ್ಯಾರಿ ಭಾಷೆ ಆಡುವ ಮುಸ್ಲಿಮರು ಬಂಗುಡೆಗೆ ಚೌಕಾಸಿ ಮಾಡುವುದು ಹೆಚ್ಚಾಗಿ ತುಳುವಿನಲ್ಲೇ. ನಡುವೆ ಮನೆಯಿಂದ ಫೋನ್ ಬಂತೋ, ಮಾತು ಬದಲಾಯಿತು. ದನಿ, ನಗುವ ರೀತಿ ಕೂಡ ಬದಲಾಗುತ್ತದೆ. ಕೊಂಕಣಿಯಲ್ಲೂ ಒಂದೇ ಬಗೆ ಇಲ್ಲ. ನಾಲ್ಕು ಮಾತಾಡಿದರೆ ಸಾಕು, ಗೌಡ ಸಾರಸ್ವತರ ಮನೆಯವರೋ ಕ್ರೈಸ್ತರೋ ಅಂತ ಊರವರು ಹೇಳಿಬಿಡುತ್ತಾರೆ. ಲಿಪಿಯೂ ಹಾಗೇ: ಮಂಗಳೂರಲ್ಲಿ ಕನ್ನಡ ಅಕ್ಷರ, ಗೋವಾದಲ್ಲಿ ದೇವನಾಗರಿ, ರೋಮನ್.

ಮನೆಮಾತು ಬೇರೆಯಾದರೆ ಕನ್ನಡಿಗ ಅಲ್ವಾ ಅಂತ ಕೇಳುವವರಿಗೆ ಬೇಂದ್ರೆ, ಮಾಸ್ತಿ ಸಾಕು. ಬೇಂದ್ರೆ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಜ್ಞಾನಪೀಠ ಬಂದದ್ದು ಕನ್ನಡದ ಬರವಣಿಗೆಗೆ, 1973 ಮತ್ತು 1983ರ ಸಾಲಿನಲ್ಲಿ. ಧಾರವಾಡದ ಮಾತಿನ ಸೊಗಸಿಗೆ ಇವತ್ತಿಗೂ ಬೇಂದ್ರೆಯವರನ್ನೇ ತೋರಿಸುತ್ತೇವೆ!

ತೊಂದರೆ ಇರುವುದು ಭಾಷೆ ಜಾಸ್ತಿ ಇರುವುದರಲ್ಲಿ ಅಲ್ಲ, ಒಂದಕ್ಕೆ ಬೆಲೆ ಕಮ್ಮಿ ಆಗುವುದರಲ್ಲಿ. ಮಾತಿನ ಧಾಟಿಗೆ ಗೆಳೆಯರು ನಕ್ಕರೆ ಮಗು ಆ ಮಾತನ್ನು ಹೊರಗೆ ಆಡುವುದೇ ಬಿಡಬಹುದು. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದ, ಅಂದರೆ ಸಂವಿಧಾನ ಗುರುತಿಸಿದ ಭಾಷೆಗಳ ಪಟ್ಟಿ, ಸೇರಿತು. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮ್ಮದೆಂದು ಹೇಳಿಕೊಂಡ ತುಳು ಇನ್ನೂ ಸೇರಿಲ್ಲ. ತುಳುವರು ಅದನ್ನು ಅಷ್ಟು ಹಟ ಹಿಡಿದು ಕೇಳುವುದು ಸರ್ಕಾರಿ ಸವಲತ್ತಿಗಾಗಿ ಮಾತ್ರ ಅಂತ ನನಗಂತೂ ಅನ್ನಿಸುವುದಿಲ್ಲ.