ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಯಾರಿರುತ್ತಾರೆ?

ಪ್ರಶ್ನೆ: ನನ್ನ ಅಮ್ಮನಿಗೆ 67 ವರ್ಷ. ಮಂಡಿ ಪೂರ್ತಿ ಸವೆದಿದೆ, ಮೆಟ್ಟಿಲು ಹತ್ತಲು ಆಗುವುದಿಲ್ಲ. ಶುಗರ್ ಕೂಡ ಇದೆ. ಉಡುಪಿಯ ಒಂದು ಆಸ್ಪತ್ರೆಯಲ್ಲಿ ಮುಂದಿನ ವಾರವೇ ಮಂಡಿ ಬದಲಾವಣೆ ಆಪರೇಷನ್ ಮಾಡೋಣ ಅಂದರು. ಮಂಗಳೂರಿನ ಇನ್ನೊಂದರಲ್ಲಿ ಮೊದಲು ಶುಗರ್ ಇಳಿಸಿ, ಹಲ್ಲು ತೋರಿಸಿ, ಎರಡು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸಿದರು. ಮೊದಲನೆಯದಕ್ಕೆ ಗೂಗಲ್‌ನಲ್ಲಿ ಸ್ಟಾರ್ ಜಾಸ್ತಿ, ಆಸ್ಪತ್ರೆಯ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆಯ ಬೋರ್ಡೂ ಇದೆ. ಒಳ್ಳೆಯ ಆಸ್ಪತ್ರೆ ಯಾವುದು ಅಂತ ನಮ್ಮಂಥವರು ತಿಳಿಯುವುದು ಹೇಗೆ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಶುಗರ್ ಹಿಡಿತಕ್ಕೆ ಬರುವ ತನಕ ಆಪರೇಷನ್ ಬೇಡ ಅಂದವರನ್ನು ನಾನು ಹೆಚ್ಚು ನಂಬುತ್ತೇನೆ. ಮಂಡಿ ಬದಲಾವಣೆಯಲ್ಲಿ ನಾವೆಲ್ಲ ಹೆದರುವುದು ಸೋಂಕಿಗೆ. ಶುಗರ್ ಜಾಸ್ತಿ ಇದ್ದರೆ ಗಾಯ ಬೇಗ ಒಣಗುವುದಿಲ್ಲ, ಸೋಂಕು ಹಿಡಿಯುವ ಸಾಧ್ಯತೆಯೂ ಹೆಚ್ಚು. ಹುಳುಕು ಹಲ್ಲಿನ ಕೀವಿನಿಂದ ರೋಗಾಣು ರಕ್ತಕ್ಕೆ ಸೇರಿ ಹೊಸ ಮಂಡಿಗೂ ಹೋಗಬಹುದು. ಒಮ್ಮೆ ಒಳಗೆ ಸೋಂಕಾದರೆ ಹಾಕಿದ ಇಂಪ್ಲಾಂಟನ್ನೇ, ಅಂದರೆ ಕೃತಕ ಮಂಡಿಯನ್ನೇ ತೆಗೆದು ಮತ್ತೆ ಆಪರೇಷನ್ ಮಾಡಬೇಕಾಗಬಹುದು. ಅಮ್ಮನ ವಯಸ್ಸಿನಲ್ಲಿ ಅದು ಸಣ್ಣ ಮಾತಲ್ಲ. ಸವೆದ ಮಂಡಿ ಎರಡು ತಿಂಗಳು ಕಾಯುತ್ತದೆ. ಹಾಗಂತ ಉಡುಪಿಯವರನ್ನು ಈಗಲೇ ಬಿಡಬೇಕಾಗಿಲ್ಲ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದ್ದರಾ, ಅದನ್ನು ನೋಡಿಯೇ ದಿನ ಕೊಟ್ಟರಾ ಅಂತ ಕೇಳಿ. ನೋಡದೆ ಕೊಟ್ಟಿದ್ದರೆ ಅಲ್ಲಿಗೆ ಮುಗಿಯಿತು.

ಗೂಗಲ್ ಸ್ಟಾರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಾರ್ಕಿಂಗ್, ಕ್ಯಾಂಟೀನ್, ಕೌಂಟರ್‌ನಲ್ಲಿ ಮಾತಾಡಿದ ರೀತಿ, ಇವು ಅದರಲ್ಲಿ ಗೊತ್ತಾಗುತ್ತವೆ. ಗಾಯಕ್ಕೆ ಸೋಂಕು ಆಯಿತಾ ಎಂಬುದು ಗೊತ್ತಾಗುವುದಿಲ್ಲ.

ಎನ್‌ಎಬಿಎಚ್ ಬೋರ್ಡಿಗೆ ಬೆಲೆ ಇದೆ. ಕೈ ತೊಳೆಯುವುದರಿಂದ ಹಿಡಿದು ಔಷಧ ಕೊಡುವ ಕ್ರಮದ ತನಕ ಒಂದು ವ್ಯವಸ್ಥೆ ಇದೆ, ಹೊರಗಿನವರು ಬಂದು ಅದನ್ನು ನೋಡಿದ್ದಾರೆ ಅಂತ ಅರ್ಥ. ಆದರೆ ಎಂಟ್ರಿ ಲೆವೆಲ್, ಅಂದರೆ ಮೊದಲ ಹಂತದ ಪ್ರಮಾಣಪತ್ರವೇ ಬೇರೆ, ಪೂರ್ಣ ಮಾನ್ಯತೆಯೇ ಬೇರೆ. ಬೋರ್ಡಿನಲ್ಲಿ ಯಾವುದಿದೆ, ಅವಧಿ ಮುಗಿದಿಲ್ಲವಾ ಎಂದು ನೋಡಿ. ಎನ್‌ಎಬಿಎಚ್ ವೆಬ್‌ಸೈಟಿನಲ್ಲೂ ಆಸ್ಪತ್ರೆಯ ಹೆಸರು ಹುಡುಕಬಹುದು. ಆದರೆ ಅಮ್ಮನಿಗೆ ಆಪರೇಷನ್ ಮಾಡುವ ಡಾಕ್ಟರ ಕೈ ಹೇಗೆ ಎಂಬುದನ್ನು ಯಾವ ಬೋರ್ಡೂ ಹೇಳುವುದಿಲ್ಲ. ಅದನ್ನು ನೀವೇ ಕೇಳಬೇಕು.

ಹೀಗೆ ಕೇಳಿ: ಡಾಕ್ಟ್ರೇ, ಈ ಆಪರೇಷನ್ ತಿಂಗಳಿಗೆ ಎಷ್ಟು ಮಾಡುತ್ತೀರಿ? ಕಳೆದ ವರ್ಷ ಎಷ್ಟು ಜನಕ್ಕೆ ಸೋಂಕಾಯಿತು? ಅಮ್ಮನಿಗೆ ನೀವೇ ಮಾಡುತ್ತೀರಾ? ಕೇಳಲು ಸಂಕೋಚ ಬೇಡ. ಚೆನ್ನಾಗಿ ನಡೆಯುವ ಕಡೆಗಳಲ್ಲೂ ಮಂಡಿ ಬದಲಾವಣೆಯಲ್ಲಿ ನೂರಕ್ಕೆ ಒಂದೆರಡು ಸೋಂಕು ಆಗುತ್ತದೆ. ಅದಕ್ಕೇ, ಲೆಕ್ಕ ಇಟ್ಟು ಸಂಖ್ಯೆ ಹೇಳುವ ಡಾಕ್ಟರು ‘ನಮ್ಮಲ್ಲಿ ಒಂದೂ ಆಗಿಲ್ಲ’ ಅನ್ನುವವರಿಗಿಂತ ಮೇಲು. ಕೇಳಿದ್ದಕ್ಕೇ ಸಿಟ್ಟು ಬಂದರೆ ಅದನ್ನೂ ಗಮನದಲ್ಲಿಟ್ಟುಕೊಳ್ಳಿ.

ನಾನು ಎಲ್ಲಕ್ಕಿಂತ ಮುಖ್ಯ ಅನ್ನುವ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಉಸಿರು ಕಟ್ಟಿದರೆ ಬರುವುದು ಯಾರು? ದೊಡ್ಡ ಡಾಕ್ಟರು ಆಗ ಮನೆಯಲ್ಲಿರುತ್ತಾರೆ. ವಾರ್ಡಿನಲ್ಲಿ ಇರುವುದು ಸಿಸ್ಟರ್ ಮತ್ತು ಡ್ಯೂಟಿ ಡಾಕ್ಟರ್. ಒಬ್ಬ ಸಿಸ್ಟರ್‌ಗೆ ರಾತ್ರಿ ಎಷ್ಟು ರೋಗಿಗಳು? ಐಸಿಯುನಲ್ಲಿ ರಾತ್ರಿ ಪೂರ್ತಿ ಡಾಕ್ಟರ್ ಇರುತ್ತಾರಾ, ಇಲ್ಲ ಫೋನ್ ಮಾಡಿ ಕರೆಸಬೇಕಾ? ಆಪರೇಷನ್ ಆದ ರೋಗಿಯನ್ನು ಉಳಿಸುವುದೋ ಕಳೆದುಕೊಳ್ಳುವುದೋ ಎಷ್ಟೋ ಸಲ ಈ ಹೊತ್ತಿನಲ್ಲೇ ತೀರ್ಮಾನವಾಗುತ್ತದೆ.

ನಮ್ಮ ಕರಾವಳಿಯವರು ಇಲ್ಲೊಂದು ವಿಷಯ ಯೋಚಿಸಬೇಕು. ಮಣಿಪಾಲ, ದೇರಳಕಟ್ಟೆ, ಕಂಕನಾಡಿಯಂಥ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ‘ಅಲ್ಲಿ ಕಲಿಯುವ ಮಕ್ಕಳು ನೋಡುತ್ತಾರೆ’ ಅಂತ ಹಿಂಜರಿಯುವವರು ಬಹಳ ಜನ. ಆದರೆ ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಆ ಪಿಜಿ ಡಾಕ್ಟರುಗಳು ರಾತ್ರಿಯೂ ಆಸ್ಪತ್ರೆಯೊಳಗೇ ಇರುತ್ತಾರೆ. ಅದು ದೊಡ್ಡ ಬಲ. ಸಣ್ಣ ಆಸ್ಪತ್ರೆ ಬೇಡ ಅಂತಲ್ಲ, ಅಲ್ಲೂ ರಾತ್ರಿ ವ್ಯವಸ್ಥೆ ಗಟ್ಟಿ ಇದ್ದರೆ ಸಾಕು. ಇನ್ನೊಂದು: ಅಮ್ಮ ನೋವಿನಲ್ಲಿ ತುಳುವಿನಲ್ಲೋ ಕುಂದಗನ್ನಡದಲ್ಲೋ ಮಾತಾಡಿದರೆ ರಾತ್ರಿ ಪಾಳಿಯ ಸಿಸ್ಟರ್‌ಗೆ ಅರ್ಥ ಆಗುತ್ತದಾ? ಆಗದಿದ್ದರೆ ರಾತ್ರಿ ಜೊತೆಗೆ ನಿಲ್ಲಲು ಮನೆಯವರೊಬ್ಬರನ್ನು ಬಿಡುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ.

ದಿನ ಗೊತ್ತು ಮಾಡುವ ಮೊದಲು ಸಂಜೆ ಭೇಟಿಯ ಹೊತ್ತಿನಲ್ಲಿ ಒಮ್ಮೆ ಆ ವಾರ್ಡಿಗೆ ಹೋಗಿ ಬನ್ನಿ. ಲಾಬಿಯ ಗ್ರಾನೈಟ್ ನೋಡಬೇಡಿ, ಮಂಚದ ಪಕ್ಕ ನೋಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬಾಟಲಿ ಒತ್ತಿದರೆ ಏನಾದರೂ ಬರುತ್ತದಾ? ಒಬ್ಬ ರೋಗಿಯನ್ನು ಮುಟ್ಟಿ ಇನ್ನೊಬ್ಬರ ಹತ್ತಿರ ಹೋಗುವ ಮೊದಲು ಸಿಸ್ಟರ್, ಡಾಕ್ಟರ್ ಕೈ ಸ್ವಚ್ಛ ಮಾಡಿಕೊಳ್ಳುತ್ತಾರಾ? ಗ್ಲೂಕೋಸ್ ಏರಿಸಲು ಕೈಗೆ ಹಾಕಿದ ಸೂಜಿಯ ಪ್ಲಾಸ್ಟರ್ ಮೇಲೆ ಹಾಕಿದ ತಾರೀಕು ಬರೆದಿದ್ದಾರಾ? ಮಾತ್ರೆ ಕೊಡುವಾಗ ಹೆಸರು ಕೇಳಿ, ಕೈಪಟ್ಟಿ ನೋಡಿ ಕೊಡುತ್ತಾರಾ? ಕರೆಗಂಟೆ ಮಲಗಿದವರ ಕೈಗೆ ಎಟಕುತ್ತದಾ? ಯಾರಾದರೂ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ? ಅಲ್ಲಿ ಅದೇ ಆಪರೇಷನ್ ಆದವರಿದ್ದರೆ ನಿಧಾನಕ್ಕೆ ಮಾತಾಡಿಸಿ. ‘ಯಾವಾಗ ಎಬ್ಬಿಸಿ ನಡೆಸಿದರು?’ ಎಂದು ಕೇಳಿ. ತೊಂದರೆ ಇಲ್ಲದಿದ್ದರೆ ಅದೇ ದಿನ ಅಥವಾ ಮರುದಿನ ವಾಕರ್ ಹಿಡಿಸಿ ನಿಲ್ಲಿಸಬೇಕು. ಮೂರು ದಿನ ಮಲಗಿಸಿಯೇ ಇಟ್ಟಿದ್ದರೆ ಫಿಸಿಯೋಥೆರಪಿ ಸರಿಯಿಲ್ಲ ಅಂತ ಲೆಕ್ಕ. ಮಲಗಿದಷ್ಟೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ.

ದುಡ್ಡಿನ ವಿಷಯಕ್ಕೆ ಬಂದರೆ, 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ಇಟ್ಟ ಮಿತಿ 54,720 ರೂಪಾಯಿ, ತೆರಿಗೆ ಬೇರೆ. ಬಿಲ್ಲಿನಲ್ಲಿ ಇಂಪ್ಲಾಂಟ್‌ನ ಕಂಪನಿ, ಬ್ಯಾಚ್ ನಂಬರ್, ಬೆಲೆ ಬೇರೆಯಾಗಿ ಬರೆದುಕೊಡಿ ಅನ್ನಿ. ಡಬ್ಬಿಯ ಮೇಲಿನ ಸ್ಟಿಕ್ಕರನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ಅದರ ಒಂದು ಫೋಟೋ ಮನೆಯಲ್ಲಿರಲಿ, ಹತ್ತು ವರ್ಷ ಬಿಟ್ಟು ಮಂಡಿ ತೊಂದರೆ ಕೊಟ್ಟರೆ ಬೇಕಾಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಸೌಲಭ್ಯ ಇದೆ. ಆ ಸೌಲಭ್ಯ ಸಿಗಲು ಇಂಥ ತುರ್ತಲ್ಲದ ಆಪರೇಷನ್‌ಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ನಿಮಗಾದರೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಅಲ್ಲೇ ವಿಚಾರಿಸಿ.

ಪ್ರಶ್ನೆ: ಖಾಸಗಿ ಆಸ್ಪತ್ರೆಯಲ್ಲಿ ನನ್ನ ತಂದೆಯ ಚಿಕಿತ್ಸೆ ಸರಿಯಾಗಲಿಲ್ಲ ಅನಿಸುತ್ತದೆ. ಬೇರೆ ಡಾಕ್ಟರಿಗೆ ತೋರಿಸಲು ಕೇಸ್ ಶೀಟ್ ಕೇಳಿದರೆ ದಿನ ದೂಡುತ್ತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ. ಒಳರೋಗಿಯ ದಾಖಲೆಯನ್ನು ರೋಗಿಯೋ ಅವರು ಅಧಿಕಾರ ಕೊಟ್ಟವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳುತ್ತದೆ. ತಂದೆಯ ಸಹಿ ಹಾಕಿಸಿ ಅರ್ಜಿ ಕೊಡಿ, ನಕಲಿನ ಮೇಲೆ ಆಸ್ಪತ್ರೆಯ ಸೀಲು, ತಾರೀಕು ಹಾಕಿಸಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ನರ್ಸುಗಳು ಬರೆದ ಚಾರ್ಟ್, ಔಷಧ ಕೊಟ್ಟ ಪಟ್ಟಿ, ಆಪರೇಷನ್ ಟಿಪ್ಪಣಿ ಎಲ್ಲ ಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಎಷ್ಟು ಗಂಟೆಗೆ ಏನಾಯಿತು ಎಂಬುದು ಇವುಗಳಲ್ಲೇ ಸಿಗುವುದು. ಆಗಲೂ ಕೊಡದಿದ್ದರೆ ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವ ರಾಜ್ಯದ ಕೆಪಿಎಂಇ ಕಾಯ್ದೆಯಡಿ ಜಿಲ್ಲೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು. ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೊಡಿ, ಸೀಲು ಹಾಕಿದ ಆ ನಕಲನ್ನೂ ಜೊತೆಗೆ ಲಗತ್ತಿಸಿ.