ಸಿಹಿ ಮೇಜಿಗೆ ಎಷ್ಟು ಬಗೆ ಬೇಕು?

ಪ್ರಶ್ನೆ: ತಂಗಿಯ ಆರತಕ್ಷತೆಗೆ ಸುಮಾರು 200 ಜನ ಬರುತ್ತಾರೆ. ಊಟದ ನಂತರಕ್ಕೆ ಡೆಸರ್ಟ್ ಬಾರ್ ಇಡುವ ಆಸೆ. 12 ಬಗೆ ಪಟ್ಟಿ ಮಾಡಿದ್ದೇನೆ. ಸಾಕಾ?

ಉತ್ತರ: ಸಾಕಾ? ಜಾಸ್ತಿಯೇ ಆಯಿತು! ಐದಾರಕ್ಕೆ ಇಳಿಸಿ. ಹೊಟ್ಟೆ ತುಂಬಿದವರು ತಲಾ ಎರಡು ಮೂರು ತುಂಡು ತಿಂದರೆ ಹೆಚ್ಚು. ಎಲ್ಲವೂ ಒಂದು ತುತ್ತಿನ ಅಳತೆಯಲ್ಲಿರಲಿ, ಒಟ್ಟು 500 ತುಂಡು. ಕೇಕ್ ಕೂಡ ಕತ್ತರಿಸುವುದಾದರೆ 400 ಸಾಕು.

ನನಗೆ ಅಲಂಕಾರಕ್ಕಿಂತ ತಣ್ಣಗಿಡುವುದರದ್ದೇ ಚಿಂತೆ. ಕ್ರೀಮ್, ಕಸ್ಟರ್ಡ್ ಇರುವವು ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು. ಬಿಸಿ 32 ಡಿಗ್ರಿ ಸೆಲ್ಸಿಯಸ್ ದಾಟಿದರೆ 1 ಗಂಟೆಯಷ್ಟೇ. ಹಾಗಾಗಿ ಅರ್ಧವನ್ನು ಫ್ರಿಜ್‌ನಲ್ಲೇ ಇಟ್ಟುಕೊಂಡು, ಬೇರೆ ತಟ್ಟೆಯಲ್ಲಿ ತನ್ನಿ. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಬ್ರೌನಿ, ಕುಕೀಸ್ ಪಾಪದವು, ಸುಮ್ನೆ ಕೂತಿರುತ್ತವೆ.

ಮೇಜನ್ನು ಗೋಡೆಗೆ ಒತ್ತಿ ಇಡಬೇಡಿ. ಎರಡೂ ಕಡೆಯಿಂದ ಜನ ಬಂದರೆ ಸಾಲು ಬೇಗ ಕರಗುತ್ತದೆ. ಮೊಟ್ಟೆ, ಹಾಲು, ಬೀಜ ಯಾವುದರಲ್ಲಿದೆ ಎಂದು ಚೀಟಿ ಬರೆದಿಡಿ. ಶೇಂಗಾ, ಬಾದಾಮಿ ಅಲರ್ಜಿ ಹುಡುಗಾಟವಲ್ಲ, ಅವಿರುವ ಸಿಹಿಗಳಿಗೆ ಚಿಮಟವೂ ಬೇರೆ ಇರಲಿ.

ಪಟ್ಟಿಯಲ್ಲಿ ಚಾಕೊಲೇಟ್ ಕಾರಂಜಿ ಇದ್ದರೆ ಮೊದಲು ಅದನ್ನೇ ಹೊಡೆದುಹಾಕಿ. ಮಕ್ಕಳು ಬೆರಳು ಅದ್ದದೆ ಬಿಡುತ್ತಾರಾ?